ಹಗ್ಗದೊಳಗಿನ ಗದ್ದೆ

ನನ್ನ ಬೆಳೆ ಚೆನ್ನಾಗಿ ಬಂದದ್ದಕ್ಕೆ ನಾನು ಊರಿಗೆ ಉತ್ತರ ಹೇಳಬೇಕಾಗಿ ಬಂದ ವರ್ಷ ಅದು. ಈಗಲೂ ನೆನೆಸಿಕೊಂಡರೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಾಚಿಕೆ. ಸಿಟ್ಟು ನನಗೆ ಹುಟ್ಟಿನಿಂದಲೇ ಇತ್ತು. ನಾಚಿಕೆ ಬಂದದ್ದು ಮೇಲಿನ ಗದ್ದೆಯ ಅಕ್ಕನಿಂದ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನಮ್ಮ ಗದ್ದೆಗೂ ಅವಳ ಗದ್ದೆಗೂ ನಡುವೆ ಒಂದೇ ಬದು. ನಾನು ಮದುವೆಯಾಗಿ ಬಂದ ವರ್ಷ ಆ ಬದುವಿನ ಮೇಲೆ ನಿಂತು, "ಏ ತಂಗಿ, ಹಂಗೆ ಕಳೆ ಕಿತ್ತರೆ ಭತ್ತನೂ ಬರ್ತೈತೆ" ಎಂದು ನಕ್ಕವಳು. ಅವತ್ತಿನಿಂದ ನಾವಿಬ್ಬರೂ ಮುಯ್ಯಾಳು. ಒಂದು ದಿನ ಅವಳು ನಮ್ಮ ಗದ್ದೆಗೆ, ಮಾರನೆಯ ದಿನ ನಾನು ಅವಳ ಗದ್ದೆಗೆ. ಕೂಲಿ ಎನ್ನುವ ಮಾತು ನಮ್ಮ ನಡುವೆ ಇಪ್ಪತ್ತು ವರ್ಷ ಬಂದಿರಲಿಲ್ಲ. ಗಂಡ ತೀರಿಹೋದ ಮೇಲೂ ಅವಳು ಆ ಗದ್ದೆಯನ್ನು ಒಬ್ಬಳೇ ನಿಭಾಯಿಸುತ್ತಿದ್ದಳು, ನಮ್ಮದಕ್ಕಿಂತ ಚೊಕ್ಕವಾಗಿ.

ನನ್ನ ತವರು ಸೊರಬದ ಕಡೆ, ಕ್ಯಾಸನೂರಿನ ಹತ್ತಿರ. ಅಲ್ಲಿ ಮಳೆ ಬಂದ ಮೇಲೆ ಸಸಿ ಮಾಡಿ, ಕೆಸರಿನಲ್ಲಿ ನಾಟಿ ಮಾಡುವುದು. ಗಂಡನ ಊರು ಶಿರಾಳಕೊಪ್ಪದಿಂದ ಶಿಕಾರಿಪುರದ ಕಡೆಗೆ. ಇಲ್ಲಿ ರೋಹಿಣಿ ಮಳೆಗೆ ಮೊದಲೇ ಒಣಮಣ್ಣಿಗೆ ಕೂರಿಗೆಯಲ್ಲಿ ಭತ್ತ ಬಿತ್ತಿ, ಮೇಲೆ ನೋಡುತ್ತ ಕೂರುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಇವರನ್ನು ಆಡಿಕೊಳ್ಳುತ್ತಿದ್ದೆ, ನಿಮ್ಮದು ಬೇಸಾಯವೋ ಜೂಜೋ ಎಂದು. ಆಗ ಹೇಗೋ ನಡೆಯುತ್ತಿತ್ತು. ಹೆಚ್ಚುಕಮ್ಮಿ ಹೇಳಿದ ಹೊತ್ತಿಗೆ ಮಳೆ ಬರುತ್ತಿತ್ತು, ಭೂಮಿಯೊಳಗಿನ ಕಾಳು ಮೊಳೆಯುತ್ತಿತ್ತು, ಆಡಿಕೊಂಡವಳು ಪೆಚ್ಚಾಗುತ್ತಿದ್ದೆ. ಈಚೆಗೆ ನಾನು ಆಡಿಕೊಳ್ಳುವುದನ್ನು ಬಿಟ್ಟಿದ್ದೇನೆ. ನಾಟಿ ಮಾಡುವ ತವರಿನವರ ಗತಿಯೂ ಈಗ ಇಷ್ಟೇ.

ಆ ವರ್ಷ ರೋಹಿಣಿ ಸರಿಯಾಗಿಯೇ ಬಂತು. ಮೊಳಕೆ ಸಾಲುಸಾಲಾಗಿ ಎದ್ದಿತು. ಆರಿದ್ರದಲ್ಲಿ ಹನಿಯಿಲ್ಲ. ಪುಷ್ಯದಲ್ಲಿ ಮೂರು ದಿನ ಒಂದೇ ಸಮನೆ ಸುರಿದು ಬದುಗಳನ್ನೇ ಒಡೆಯಿತು. ಒಡೆದ ಬದುವನ್ನು ಅಕ್ಕನೂ ನಾನೂ ಸೇರಿ ಕಟ್ಟಿದೆವು. ಅಷ್ಟರ ಮೇಲೂ ಗದ್ದೆ ಚೇತರಿಸಿಕೊಂಡು ತೊಡೆಯೆತ್ತರ ಬೆಳೆದಾಗ, ಈ ಸಲ ಗೆದ್ದೆವು ಅಂದುಕೊಂಡೆವು. ಅಲ್ಲೇ ನಾವು ಕೆಟ್ಟದ್ದು. ಉತ್ತರೆ ಮಳೆ ಬರಲಿಲ್ಲ. ಹಸ್ತವೂ ಬರಲಿಲ್ಲ. ಭತ್ತಕ್ಕೆ ಬಾಯಾರುವುದೇ ಆ ಹೊತ್ತಿನಲ್ಲಿ. ತೆನೆ ಹೊರಗೆ ಬಂದು ಹೂವಾಗುವಾಗ ನೀರಿಲ್ಲದಿದ್ದರೆ ಕಾಳು ಕಟ್ಟುವುದಿಲ್ಲ. ಗಿಡ ಒಣಗುವುದೂ ಇಲ್ಲ. ದೂರದಿಂದ ನೋಡಿದವರಿಗೆ ಬೆಳೆ ಬಂದಂತೆಯೇ ಕಾಣುತ್ತದೆ, ಹತ್ತಿರ ಹೋಗಿ ತೆನೆ ಹಿಸುಕಿದರೆ ಬರೀ ಜೊಳ್ಳು.

ಅದೇ ವಾರ ತವರಿಗೆ ಫೋನು ಮಾಡಿದರೆ ನನ್ನ ತಮ್ಮ, "ಇಲ್ಲಿ ಬಿಡದೆ ಹೊಯ್ತಾ ಐತೆ ಅಕ್ಕಾ, ಗದ್ದೆ ಎಲ್ಲಾ ಮಲಗಿ ಕೊಳೀತಾ ಐತೆ" ಎಂದ. ಬಸ್ಸಿನಲ್ಲಿ ಎರಡು ತಾಸಿನ ದಾರಿ. ನನಗೆ ತಡೆಯಲಿಲ್ಲ, "ಒಂದು ಮೋಡ ಇತ್ತಲಾಗೆ ಕಳಿಸೋ ಮಾರಾಯ" ಎಂದು ಫೋನಿನಲ್ಲೇ ಕೂಗಾಡಿದೆ. ತಮ್ಮ ನಗಲೂ ಇಲ್ಲ, ಫೋನು ಇಡಲೂ ಇಲ್ಲ. 

ನಮ್ಮ ಗದ್ದೆಯ ಕೆಳತುದಿಗೆ ಒಂದು ಹಳ್ಳವಿದೆ. ಅದರ ಗುಂಡಿಯಲ್ಲಿ ಇನ್ನೂ ನೀರಿತ್ತು. ನನ್ನ ಗಂಡ ಡೀಸೆಲ್ ಪಂಪು ಇಟ್ಟು, ಇದ್ದಷ್ಟು ಪೈಪು ಎಳೆದರು. ಪೈಪು ಗದ್ದೆಯ ಉದ್ದಕ್ಕೆ ಹೋಗುವ ಪಕ್ಕದ ಬದುವಿನ ಮೇಲಿನ ಮತ್ತಿಮರದವರೆಗೆ ಮುಟ್ಟಿತು. ಅಂದರೆ ಗದ್ದೆಯ ಕೆಳಗಿನ ಅರ್ಧಕ್ಕೆ. ಆರು ದಿನ ಹೊಡೆಯುವಷ್ಟರಲ್ಲಿ ಗುಂಡಿಯ ತಳದ ಕಲ್ಲು ಕಂಡವು. ಮರದಿಂದ ಕೆಳಗೆ ಕಾಳು ಕಟ್ಟಿತು. ಮರದಿಂದ ಮೇಲೆ, ಅದರಾಚೆ ಅಕ್ಕನ ಗದ್ದೆ, ಅದರಾಚೆ ಇಡೀ ಊರಿನ ಏರು ಬಯಲು, ಎಲ್ಲಾ ಜೊಳ್ಳು. ಅಕ್ಕನ ಗದ್ದೆಗೆ ನಮ್ಮ ಪೈಪು ಮುಟ್ಟುತ್ತಿರಲಿಲ್ಲ ಎಂದು ನನಗೆ ನಾನೇ ಹಲವು ಸಲ ಹೇಳಿಕೊಂಡಿದ್ದೇನೆ. ಶಿರಾಳಕೊಪ್ಪದಿಂದ ಇನ್ನೊಂದು ಸುರುಳಿ ತಂದಿದ್ದರೆ ಮುಟ್ಟುತ್ತಿತ್ತು. ನೀರು ಅರ್ಧರ್ಧ ಆಗುತ್ತಿತ್ತು, ಅಷ್ಟೆ. ನಾನು ಆ ಮಾತು ಎತ್ತಲಿಲ್ಲ, ಅವಳು ಕೇಳಲಿಲ್ಲ.

ಊರಿಗೆ ಉಳಿದದ್ದು ಬೆಳೆ ವಿಮೆಯೊಂದೇ. ಅದರ ಲೆಕ್ಕಾಚಾರ ನಮಗೆಲ್ಲ ಬಾಯಿಪಾಠ. ಒಬ್ಬೊಬ್ಬರ ಗದ್ದೆಯನ್ನು ಬೇರೆಬೇರೆ ನೋಡುವುದಿಲ್ಲ. ಪಂಚಾಯ್ತಿಗೆ ನಾಲ್ಕು ಗದ್ದೆ ಆರಿಸುತ್ತಾರೆ. ಒಂದೊಂದರಲ್ಲೂ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕಕ್ಕೆ ಹಗ್ಗ ಕಟ್ಟಿ, ಕೊಯ್ದು, ಬಡಿದು, ತೂಗುತ್ತಾರೆ. ಆ ನಾಲ್ಕು ತೂಕ ಸೇರಿದರೆ ಅದೇ ಇಡೀ ಪಂಚಾಯ್ತಿಯ ಬೆಳೆ. ತೂಕ ಕಡಿಮೆ ಬಂದರೆ ಎಲ್ಲರಿಗೂ ವಿಮೆ, ಹೆಚ್ಚು ಬಂದರೆ ಯಾರಿಗೂ ಇಲ್ಲ. ಆ ಸಲ ಮೂರು ಗದ್ದೆಯದು ಮುಗಿದಿತ್ತು. ಎರಡು ಜೊಳ್ಳು, ಒಂದು ಕೆರೆಯ ಕೆಳಗಿನ ಒಳ್ಳೆಯ ಗದ್ದೆ. ನಾಲ್ಕನೆಯ ಸರ್ವೆ ನಂಬರು ನಮ್ಮದು.

ಈ ಸುದ್ದಿ ಬಂದ ದಿನ ಸಂಜೆ ನಮ್ಮ ಓಣಿಯ ಹಿರಿಯರೊಬ್ಬರು ಬಂದು ಜಗಲಿಯ ಮೇಲೆ ಕೂತರು. ಸಂಬಂಧವಿಲ್ಲದಿದ್ದರೂ ನಾವೆಲ್ಲ ಅವರನ್ನು ಮಾವ ಅನ್ನುವುದು. ಟೀ ಕುಡಿದು, ಲೋಟ ಕೆಳಗಿಟ್ಟು, ನನ್ನ ಗಂಡನನ್ನು ಬಿಟ್ಟು ನನ್ನ ಮುಖ ನೋಡಿದರು.

"ಮತ್ತಿಮರದಿಂದ ಕೆಳಗಿಂದು ಮೊದಲೇ ಕೊಯ್ದುಬಿಡವ್ವ. ತೂಗೋರು ಬರೋಹೊತ್ತಿಗೆ ಮೇಲಿಂದಷ್ಟೇ ನಿಂತಿರ್ಲಿ."

"ಕೊಯ್ಯಂಗಿಲ್ಲ ಅಂತ ಹೇಳಿ ಹೋಗ್ಯಾರಲ್ಲ ಮಾವ."

"ಹೇಳ್ತಾರೆ. ಬೆಳೆ ಹಣ್ಣಾಗಿತ್ತು, ಕೊಯ್ದ್ವಿ ಅಂದ್ರೆ ಏನು ಜೈಲಿಗೆ ಹಾಕ್ತಾರಾ? ಊರಿಗೇ ಊರೇ ನಿನ್ನ ಗದ್ದೆ ನೋಡ್ತಾ ಕೂತೈತೆ."

"ನೀರು ಕಟ್ಟಿ ಬೆಳೆ ಉಳಿಸಿಕೊಂಡಿದ್ದು ನನ್ನ ತಪ್ಪಾ ಮಾವ?" ಎಂದೆ. ಅವರು ಸಿಟ್ಟಾಗಲಿಲ್ಲ. "ತಪ್ಪು ಅಂದ್ನಾ ನಾನು?" ಎಂದು ಎದ್ದು ಚಪ್ಪಲಿ ಮೆಟ್ಟಿದರು. ಮೆಟ್ಟಿಲು ಇಳಿಯುತ್ತ ಮಾತ್ರ ಒಂದು ಮಾತು ಬಿಟ್ಟು ಹೋದರು. "ನಿನ್ನ ಮೇಲಿನ ಗದ್ದೆಯಾಕೆ ಶುಂಠಿಯೋರನ್ನ ಕರೆಸ್ಯಾಳಂತೆ. ವಿಮೆ ಬಂದ್ರೆ ಬ್ಯಾಡ ಅಂತಾಳೆ, ಬರ್ಲಿಲ್ಲ ಅಂದ್ರೆ ಗದ್ದೆ ಅವರಿಗೆ."

ಇದು ನನಗೆ ಗೊತ್ತಿರಲಿಲ್ಲ. ಶುಂಠಿ ಬೆಳೆಯುವವರಿಗೆ ಗುತ್ತಿಗೆಗೆ ಕೊಟ್ಟ ಗದ್ದೆ ಏನಾಗುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬದು ಕಿತ್ತು, ಮಣ್ಣು ಮಗುಚಿ, ಎತ್ತರದ ಮಡಿ ಮಾಡಿ, ಔಷಧಿ ಸುರಿದು ಬೆಳೆಯುತ್ತಾರೆ. ಅವರು ಬಿಟ್ಟುಹೋದ ಮೇಲೆ ಅದು ಮತ್ತೆ ಭತ್ತದ ಗದ್ದೆಯಾಗಲು ವರ್ಷಗಳು ಬೇಕು, ಕೆಲವು ಆಗುವುದೇ ಇಲ್ಲ. ಅಕ್ಕನಿಗೆ ಮುಂದಿನ ರೋಹಿಣಿಗೆ ಬೀಜ, ಗೊಬ್ಬರ ತರುವ ದಾರಿ ಬೇರೆ ಇರಲಿಲ್ಲ. ಅಷ್ಟು ದಿನ ನನ್ನ ಜೊತೆ ಕಟ್ಟಿಗೆ ಆರಿಸಿದವಳು, ನನ್ನ ಮನೆಯ ಮಜ್ಜಿಗೆ ಕುಡಿದವಳು, ಈ ಮಾತನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ನೆರವು ಕೇಳಿದಂತಾಗುತ್ತದೆ ಎಂದುಕೊಂಡಿರಬೇಕು.

ಮಾರನೆಯ ದಿನ ಬೆಳಿಗ್ಗೆ ಗಂಡನಿಗೂ ಹೇಳದೆ ಕುಡುಗೋಲು ತೆಗೆದುಕೊಂಡು ಹೋದೆ. ಮತ್ತಿಮರದ ಕೆಳಗೆ ಇಳಿದು ಒಂದು ತೆನೆ ಎಳೆದು ಕಾಳು ಹಲ್ಲಿಗೆ ಕೊಟ್ಟೆ. ಇನ್ನೂ ಮೆತ್ತಗಿತ್ತು. ಎಂಟು ದಿನವಾದರೂ ಬೇಕಿತ್ತು. ಬಂದ ದಾರಿಯಲ್ಲೇ ವಾಪಸಾದೆ. ಹಸಿ ಇತ್ತು, ಅದಕ್ಕೆ ಕೊಯ್ಯಲಿಲ್ಲ ಎಂದು ಮಾವನಿಗೆ ಹೇಳಿದೆ, ಗಂಡನಿಗೆ ಹೇಳಿದೆ. ಹಸಿ ಇದ್ದದ್ದು ನಿಜ. ಆದರೆ ಎಂಟು ದಿನ ಬಿಟ್ಟು ಹಣ್ಣಾದ ಮೇಲೂ ನಾನು ಕುಡುಗೋಲು ಮುಟ್ಟಲಿಲ್ಲ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಆ ಸುತ್ತಿನಲ್ಲೆಲ್ಲ ಕಾಳು ಕಟ್ಟಿದ್ದು ನನ್ನ ಗದ್ದೆಯಲ್ಲಿ ಮಾತ್ರ. ಆರು ದಿನ ನಿದ್ದೆಗೆಟ್ಟು ನೀರು ಕಟ್ಟಿದ್ದೆ. ಯಾರಾದರೂ ಬಂದು ಅದನ್ನು ತೂಗಲಿ, ತೂಗಿ ಬರೆದುಕೊಳ್ಳಲಿ ಎಂದು ನನ್ನೊಳಗೆ ಒಂದು ಆಸೆಯಿತ್ತು.

ಮಾಪನದ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ತಾಲ್ಲೂಕಿನಿಂದ ಮೇಡಂ ಒಬ್ಬರು ಬಂದರು. ಚಿಕ್ಕ ವಯಸ್ಸು, ಗಟ್ಟಿ ಹೆಣ್ಣು. ಬದುವಿನ ಮೇಲೆ ನಲವತ್ತು ಜನ ನೆರೆದದ್ದು ನೋಡಿಯೂ ಅಳುಕಲಿಲ್ಲ. "ಎಲ್ಲರೂ ಬದು ಮೇಲೇ ಇರ್ರಿ, ಒಳಗೆ ಯಾರೂ ಇಳಿಬ್ಯಾಡ್ರಿ" ಎಂದರು. ಕೊಯ್ಯಲು ನಾಲ್ವರು ಬೇಕು ಅಂದಾಗ ನಾನು, ಅಕ್ಕ, ಓಣಿಯ ಇಬ್ಬರು ಹೆಂಗಸರು ಮುಂದೆ ಬಂದೆವು. ಯಾವ ಕೊಯ್ಲಿಗೂ ನಾವೇ ನಾಲ್ವರು ಒಟ್ಟಿಗೆ ಹೋಗುವುದು. ಅಕ್ಕ ಬರದಿದ್ದರೇ ಚೆನ್ನಾಗಿತ್ತು ಎಂದು ನನಗನ್ನಿಸಿತು. ಅವಳು ಸೆರಗು ಸೊಂಟಕ್ಕೆ ಬಿಗಿದು ನನ್ನ ಪಕ್ಕದಲ್ಲೇ ನಿಂತಳು.

ಚೌಕ ಎಲ್ಲಿ ಬೀಳಬೇಕು ಎಂಬುದು ಮೇಡಂ ಕೈಯಲ್ಲೂ ಇಲ್ಲ. ಫೋನು ಎರಡು ಸಂಖ್ಯೆ ಕೊಡುತ್ತದೆ, ಉದ್ದಕ್ಕೆ ಇಷ್ಟು ಹೆಜ್ಜೆ, ಅಡ್ಡಕ್ಕೆ ಇಷ್ಟು. ಗದ್ದೆಯ ಮೇಲಿನ ಮೂಲೆಯಿಂದ, ಅಂದರೆ ಅಕ್ಕನ ಬದುವಿನಿಂದಲೇ ಎಣಿಕೆ ಶುರು. "ಉದ್ದಕ್ಕೆ ಐವತ್ತೆಂಟು" ಎಂದು ಮೇಡಂ ಓದಿದರು. ಬದುವಿನ ಮೇಲಿದ್ದವರ ಕಣ್ಣೆಲ್ಲ ಒಟ್ಟಿಗೇ ಮತ್ತಿಮರದ ಕಡೆ ತಿರುಗಿದವು. ಮರ ಐವತ್ತೆಂಟು ಹೆಜ್ಜೆಗಿಂತ ಈಚೆಗೋ ಆಚೆಗೋ? ಇಪ್ಪತ್ತು ವರ್ಷ ಬುತ್ತಿ ಹೊತ್ತು ಅದೇ ಬದುವಿನ ಮೇಲೆ ಓಡಾಡಿದ ನಾನು ಒಂದು ದಿನವೂ ಎಣಿಸಿರಲಿಲ್ಲ.

ಮೇಡಂ ನಡೆಯತೊಡಗಿದರು. ಅವರ ಹಿಂದೆ ನನ್ನ ಗಂಡ ಗೂಟ ಮತ್ತು ಹಗ್ಗ ಹಿಡಿದುಕೊಂಡು ನಡೆದರು. ಮೂವತ್ತಕ್ಕೆ ಜನರ ತುಟಿ ಅಲ್ಲಾಡತೊಡಗಿದವು. ನಲವತ್ತೈದು. ಮರ ಇನ್ನೂ ದೂರವಿತ್ತು. ಐವತ್ತಕ್ಕೆ ಮಾವನ ಮುಖ ಸಡಿಲವಾಯಿತು. ನಾನು ಅಕ್ಕನನ್ನು ನೋಡಲಿಲ್ಲ. ಐವತ್ತೆಂಟಕ್ಕೆ ಮೇಡಂ ನಿಂತಾಗ ಮರ ನಾಲ್ಕು ಹೆಜ್ಜೆ ಮುಂದಿತ್ತು. ಅಡ್ಡಕ್ಕೆ ಹನ್ನೆರಡು ಹೆಜ್ಜೆ ಹೋಗಿ ಗೂಟ ಹೊಡೆದರು. ಅಲ್ಲಿಂದ ಕೆಳಕ್ಕೆ ಐದು ಮೀಟರ್ ಹಗ್ಗ ಎಳೆದಾಗ ಎಲ್ಲರಿಗೂ ಕಂಡಿತು. ಚೌಕದ ಮೇಲಿನ ಅರ್ಧ ಜೊಳ್ಳು, ಕೆಳಗಿನ ಅರ್ಧ ಕಾಳು. ಹಗ್ಗ ಎರಡನ್ನೂ ಹಿಡಿದಿತ್ತು.

ಹಗ್ಗದೊಳಗೆ ನಾಲ್ವರೂ ಬಗ್ಗಿದೆವು. ಬದುವಿನ ತುದಿಯಲ್ಲಿ ನಿಂತಿದ್ದ ಮಾವ, ಮೇಡಂ ಫೋಟೋ ತೆಗೆಯುತ್ತ ಅತ್ತ ತಿರುಗಿದ್ದಾಗ, ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. "ಸ್ವಲ್ಪ ಸಡಿಲ ಕೈಯಿಂದ ಕೊಯ್ರವ್ವ." ನಾಲ್ವರಿಗೂ ಕೇಳಿಸಿತು. ಯಾರೂ ತಲೆ ಎತ್ತಲಿಲ್ಲ. ನನ್ನ ಎಡಗಡೆಯಿದ್ದ ಓಣಿಯ ಹೆಂಗಸಿನ ಹಿಡಿಯಿಂದ ಮೂರು ನಾಲ್ಕು ತೆನೆ ಜಾರಿ, ಕೊಯ್ದ ಬುಡದ ಕೂಳೆಯೊಳಗೆ ಬಿದ್ದವು. ಆಮೇಲೆ ಇನ್ನಷ್ಟು ಬಿದ್ದವು. ನಾನು ನೋಡಿದೆ, ಕೊಯ್ಯುತ್ತಲೇ ಹೋದೆ. ನನ್ನ ಹಿಡಿ ಬಿಗಿಯಾಗಿತ್ತೋ ಸಡಿಲವಾಗಿತ್ತೋ ಎಂದು ಯಾರಾದರೂ ಕೇಳಿದರೆ ಈಗಲೂ ಹೇಳಲಾರೆ. ನನ್ನ ಬೆಳೆ ನೆಲಕ್ಕೆ ಬೀಳುವುದು ನೋಡಿ ಸಾಕು ಎಂದೂ, ಇನ್ನೂ ಬೀಳಲಿ ಎಂದೂ ಅನ್ನಿಸುತ್ತಿತ್ತು.

ಕೊಯ್ದದ್ದನ್ನೆಲ್ಲ ಟಾರ್ಪಾಲಿನ ಮೇಲೆ ಹಾಕಿ, ಹಲಗೆಗೆ ಬಡಿಯಲು ನನ್ನ ಗಂಡ ನಿಂತರು. ಮೇಲಿನ ಅರ್ಧದ ಹುಲ್ಲು ಬಡಿದಾಗ ಬರೀ ಹೊಟ್ಟು ಹಾರಿತು. ಕೆಳಗಿನದು ಬಡಿದಾಗ ಕಾಳು ಸುರಿಯಿತು. ಮೇಡಂ ಕೂತುಕೊಂಡು ನೋಡುತ್ತಿದ್ದರು. ಬದುವಿನ ಮೇಲಿದ್ದವರು ಪ್ರತಿ ಏಟಿಗೂ ರಾಶಿಯ ಗಾತ್ರ ಅಳೆಯುತ್ತಿದ್ದರು. ಆಗ ಮಾವ ಒಂದು ಸಲ ಜೋರಾಗಿ ಗಂಟಲು ಸರಿಮಾಡಿಕೊಂಡರು. ಇನ್ನೊಂದು ಸಲ. ನಾನು ಅವರು ನೋಡುತ್ತಿದ್ದ ಕಡೆ ತಿರುಗಿದೆ.

ಅಕ್ಕ ಹಗ್ಗದೊಳಗೇ ಇದ್ದಳು. ಸೆರಗನ್ನು ಮಡಿಲು ಮಾಡಿಕೊಂಡು, ಬಗ್ಗಿ, ಕೂಳೆಯ ಸಾಲಿನಲ್ಲಿ ಬಿದ್ದ ತೆನೆಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ಕೊಯ್ಲು ಮುಗಿದ ಕೂಡಲೇ ಹಕ್ಕಲು ಆರಿಸುವುದು ನಮ್ಮ ಹೆಂಗಸರ ಕೆಲಸ. ಯಾರೂ ಹೇಳಬೇಕಿಲ್ಲ, ಗಂಡಸರು ಹೊರೆ ಎತ್ತುವಾಗ ನಾವು ನೆಲ ನೋಡುತ್ತ ಹೊರಡುತ್ತೇವೆ. ಅವಳ ಅಮ್ಮ ಹಾಗೇ ಮಾಡಿದ್ದಳು, ನನಗೆ ಅವಳೇ ಹಾಗೆ ಕಲಿಸಿದ್ದಳು. ಕೈ ತಾನಾಗಿ ಹೋಗುತ್ತಿತ್ತು, ಅವಳ ಮುಖದಲ್ಲಿ ಯಾವ ಯೋಚನೆಯೂ ಇರಲಿಲ್ಲ. ಹಗ್ಗದ ಮೂಲೆಯವರೆಗೂ ಹೋಗಿ, ಗೂಟದ ಬುಡದಲ್ಲಿ ಬಿದ್ದಿದ್ದ ಒಂದೇ ಒಂದು ತೆನೆಯನ್ನೂ ಬಿಡದೆ ಎತ್ತಿಕೊಂಡಳು.

ನಾನು ಅವಳನ್ನು ಕೂಗಿ ಕರೆಯಬಹುದಿತ್ತು. "ಅಕ್ಕಾ, ನೀರು ಕೊಡು ಬಾ" ಅಂದಿದ್ದರೂ ಸಾಕಿತ್ತು. ಬಾಯಿ ಬರಲಿಲ್ಲ. ನಲವತ್ತು ಜನರಲ್ಲಿ ಒಬ್ಬರಿಗೂ ಬರಲಿಲ್ಲ. ಬಿದ್ದ ತೆನೆ ಎತ್ತಬೇಡ ಎಂದು ಒಬ್ಬ ಹೆಂಗಸಿಗೆ ಹೇಳುವುದು ಹೇಗೆ? ಅಕ್ಕ ಬಂದು ಮಡಿಲಿನದನ್ನು ಟಾರ್ಪಾಲಿನ ಮೇಲೆ ಸುರಿದಳು. ಸುರಿದು ತಲೆ ಎತ್ತಿದಾಗ ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡಿತು. ಆಗ ಅವಳಿಗೆ ಗೊತ್ತಾಯಿತು. ಕೈ ಸೆರಗನ್ನು ಕೊಡವುತ್ತಲೇ ಇತ್ತು, ಕೊಡವಲು ಅದರಲ್ಲಿ ಏನೂ ಉಳಿದಿರಲಿಲ್ಲ.

ತೂರಿ, ತೂಗಿ, ಮೇಡಂ ಫೋನಿಗೆ ಬರೆದುಕೊಂಡರು. ಅವರ ಕೆಲಸ ಅವರು ಚಾಚೂ ತಪ್ಪದೆ ಮಾಡಿದರು, ಅದಕ್ಕೆ ಹೆಸರಿಡುವಂತಿಲ್ಲ. ತೂಕ ಕೇಳಿದ ಮಾವ ಊರ ಕಡೆ ಹೊರಟುಹೋದರು. ಜನ ಕರಗಿದ ಮೇಲೆ ಬದುವಿನ ಮೇಲೆ ನಾವಿಬ್ಬರೇ ಉಳಿದೆವು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲದೆ ಅವಳ ಮೇಲೆಯೇ ಹಾಯ್ದೆ.

"ನಿಂಗೇನು ತಲೆ ಕೆಟ್ಟಿತ್ತಾ ಅಕ್ಕಾ? ಯಾಕೆ ಆರಿಸಿದೆ?"

"ಬಿದ್ದಿತ್ತಲ್ಲೇ ತಂಗಿ" ಎಂದಳು. ಅಷ್ಟೇ. ಆಮೇಲೆ ಬದು ದಾಟಿ ತನ್ನ ಗದ್ದೆಗೆ ಇಳಿದಳು.

ಒಂದು ಮಡಿಲು ತೆನೆಯಿಂದ ಏನೂ ಹೆಚ್ಚುಕಮ್ಮಿ ಆಗುವುದಿಲ್ಲ, ಕೆರೆ ಕೆಳಗಿನ ಗದ್ದೆಯ ತೂಕವೇ ಜಾಸ್ತಿ ಬಂದಿತ್ತು ಎನ್ನುತ್ತಾರೆ ನನ್ನ ಗಂಡ. ಇರಬಹುದು. ನಾನು ಆ ಲೆಕ್ಕ ಕೇಳಲು ಹೋಗಿಲ್ಲ, ಹೋಗುವುದೂ ಇಲ್ಲ. ನಾನು ಹಣ್ಣಾದದ್ದನ್ನು ಕೊಯ್ಯದೆ ನಿಲ್ಲಿಸಿದ್ದು ನನಗೆ ಗೊತ್ತು. ಬೇಸಿಗೆಯಲ್ಲಿ ವಿಮೆಯ ಪಟ್ಟಿ ಬಂದಾಗ ಅದರಲ್ಲಿ ನಮ್ಮ ಪಂಚಾಯ್ತಿ ಇರಲಿಲ್ಲ. ಮುಂದಿನ ವಾರ ಅಕ್ಕನ ಗದ್ದೆಗೆ ಜೆಸಿಬಿ ಬಂತು. ಇಪ್ಪತ್ತು ವರ್ಷ ನಾವಿಬ್ಬರೂ ಕಟ್ಟಿದ್ದ ಒಳಬದುಗಳು ಮಧ್ಯಾಹ್ನದೊಳಗೆ ಕಾಣದಾದವು. ಆ ದಿನ ನಾನು ಗದ್ದೆಗೆ ಹೋಗಲಿಲ್ಲ. ಮನೆಯೊಳಗೆ ಕೂತು ಅತ್ತುಬಿಟ್ಟೆ.

ಆ ಬೇಸಿಗೆಯ ಕೊನೆಗೆ ಮಳೆ ರೋಹಿಣಿಗಿಂತ ಹತ್ತು ದಿನ ಮೊದಲೇ ಬಂದು ನಮ್ಮನ್ನೆಲ್ಲ ಗಾಬರಿ ಮಾಡಿತು. ಹೇಗೋ ಬಿತ್ತಿದೆವು, ಭತ್ತಕ್ಕಿಂತ ಮೊದಲು ಕಳೆ ಎದ್ದಿತು. ಆಳು ಸಿಗುವುದು ಕಷ್ಟವಾಗಿ ಗಂಡ ಕೂಲಿಗೆ ಬನ್ನಿ ಎಂದು ಓಣಿಯಲ್ಲಿ ಹೇಳಿ ಬಂದಿದ್ದರು. ಮಾರನೆಯ ಬೆಳಿಗ್ಗೆ ನೋಡಿದರೆ ಬದುವಿನ ಮೇಲೆ ಅಕ್ಕ ನಿಂತಿದ್ದಳು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಹಳೆಯದೆಲ್ಲ ಮುಗಿಯಿತು ಅಂದುಕೊಂಡೆ. ದಿನವಿಡೀ ಒಂದೇ ಸಾಲಿನಲ್ಲಿ ಕೂತು ಕಳೆ ತೆಗೆದೆವು. ಪೇಟೆಯಲ್ಲಿ ಮಗನ ಜೊತೆ ಇರುವ ಸೊಸೆಯ ಬಸುರಿನ ಸುದ್ದಿ ಹೇಳಿದಳು, ನನ್ನ ಕಳೆ ಕೀಳುವುದನ್ನು ಆಡಿಕೊಂಡಳು ಕೂಡ. ಪಕ್ಕದಲ್ಲಿ ಶುಂಠಿಯ ಮಡಿಗಳು ಮೊಣಕಾಲೆತ್ತರ ಎದ್ದಿದ್ದವು, ಅತ್ತ ಇಬ್ಬರೂ ತಿರುಗಲಿಲ್ಲ.

ಸಂಜೆ ಉಳಿದ ಆಳುಗಳಿಗೆ ಗಂಡ ಕೂಲಿ ಕೊಡುತ್ತಿದ್ದರು. ನಾನು ಕೈ ತೊಳೆದು ಬಂದು, "ನಾಳೆ ನಿಂಗೇನು ಕೆಲಸ ಐತೆ ಹೇಳಕ್ಕಾ, ನಾ ಬರ್ತೀನಿ" ಎಂದೆ. ಹೇಳಿದ ಮೇಲೆ ನನಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ನಾನು ಹೋಗಿ ಕೆಲಸ ಮಾಡಲು ಅವಳಿಗೆ ಗದ್ದೆಯೆಲ್ಲಿದೆ?

ಅಕ್ಕ ಆಳುಗಳ ಹಿಂದೆ ಹೋಗಿ ನಿಂತು, ತನ್ನ ಸರದಿ ಬಂದಾಗ ನನ್ನ ಗಂಡನ ಕೈಯಿಂದ ಕೂಲಿ ತೆಗೆದುಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಬೇರೆ ಆಳುಗಳು ಗದ್ದೆಯ ಒಡತಿಯನ್ನು ಕೇಳುವ ಹಾಗೆಯೇ ಕೇಳಿದಳು.

"ನಾಳೆ ಎಷ್ಟೊತ್ತಿಗೆ ಬರ್ಬೇಕ್ರೀ?"